ಹಂಚಿನಲ್ಲಿ ಹುರಿದ ಸ್ಪ್ರಿಂಗು

ವಾಡಿಯಲ್ಲಿರುವ ನಮ್ಮ ಸೋದರಮಾವನ ಮನೆಗೆ ಹೋಗುವವರು ಮೂಗು ಮುಚ್ಚಿಕೊಂಡೇ ಒಳಗೆ ಕಾಲಿಡಬೇಕು. ವಾಸನೆಗೆ ಹೆದರಿ ಅಲ್ಲ, ಬಾಗಿಲಿಗೆ ಹೆದರಿ! ಅದಕ್ಕೆ ಮಾವ ಕೈಯಾರೆ ಸುತ್ತಿದ ಸ್ಪ್ರಿಂಗ್ ಇದೆ, ಕೈ ಬಿಟ್ಟೊಡನೆ ಫಟ್ಟನೆ ಬಂದು ಬಡಿಯುತ್ತದೆ. ನನಗೆ ಹೆಣ್ಣು ಕೊಡಲು ಸೇಡಮ್ಮಿನಿಂದ ಬಂದ ಹಿರಿಯರು ಒಳಗೆ ಬಂದರು, ಅವರ ರುಮಾಲು ಹೊರಗೇ ಉಳಿಯಿತು. ಸಂಬಂಧ ಅಲ್ಲಿಗೇ ಮುಗಿಯಿತು.

"ಹೋಗ್ಲಿ ಬಿಡು ತಮ್ಮಾ, ಸ್ಪ್ರಿಂಗ್ ಮಾತ್ರ ಭಾಳ ಛಲೋ ಬಂದದ ನೋಡು!" ಎಂದರು ಮಾವ.

ಕಾರ್ಖಾನೆಯಲ್ಲಿ ಫಿಟರ್ ಆಗಿ ನಿವೃತ್ತನಾದ ಮನುಷ್ಯ ಏನು ಮಾಡಬೇಕು? ಕಟ್ಟೆಯ ಮೇಲೆ ಕುಳಿತು ಸರಕಾರವನ್ನು ಬೈಯಬೇಕು. ಇವರು ಹಿತ್ತಿಲಿನ ತಗಡಿನ ಶೆಡ್ಡಿನಲ್ಲಿ ಕುಳಿತು ಸರಳಿಗೆ ಉಕ್ಕಿನ ತಂತಿ ಸುತ್ತುತ್ತಾರೆ! ಶಹಾಬಾದಿನ ಅಂಗಡಿಯಲ್ಲಿ ಹಿಡಿಗಟ್ಟಲೆ ಸಿಗುವ ಸ್ಪ್ರಿಂಗಿಗೆ ಇವರದು ಎರಡು ದಿನದ ತಪಸ್ಸು. ಕೈ ಬಿಟ್ಟೊಡನೆ ಸುರುಳಿ ಹಿಗ್ಗಿ ಅಳತೆ ತಪ್ಪುತ್ತದೆ. ಮತ್ತೆ ಸಣ್ಣ ಸರಳು, ಮತ್ತೆ ಸುತ್ತು. ಸುತ್ತಿದ್ದನ್ನು ಕಾಯಿಸಿ ಹದ ಮಾಡುವುದೆಲ್ಲಿ? ಅತ್ತೆಯ ರೊಟ್ಟಿ ಹಂಚಿನ ಮೇಲೆ!

"ತಂತಿ ಹುರಿಲಿಕತ್ತೀರೇನ್ರಿ? ಉಪ್ಪು ಖಾರ ಹಾಕ್ಲೇನು?" ಎಂದು ಅತ್ತೆ ಕೇಳಿದರೆ, "ಸುಮ್ಕಿರು, ಜ್ವಾಳದ ಕಣಕಿ, ಒಣಾ ದಂಟಿನ ಬಣ್ಣ ಬರಬೇಕು" ಎಂಬ ಉತ್ತರ.

ಒಮ್ಮೆ ರೊಟ್ಟಿ ಡಬ್ಬಿಗೂ ಸ್ಪ್ರಿಂಗ್ ಬಿತ್ತು. ಮುಚ್ಚಳ ತೆಗೆದರೆ ರೊಟ್ಟಿ ಅಟ್ಟ ಹತ್ತಿತು. ಅಂದು ನಮ್ಮದು ಉಪವಾಸ, ಬೆಕ್ಕಿಗೆ ಹಬ್ಬ! ಇದನ್ನು ನಾನು ಚಿತ್ತಾಪುರದ ಮದುವೆಮನೆಗಳಲ್ಲೆಲ್ಲ ಹೇಳಿ ನಗಿಸಿದ್ದೇನೆ.

ಹೋದ ವರ್ಷ ಅತ್ತೆಗೆ ಲಕ್ವಾ ಹೊಡೆಯಿತು. ಬಲಗೈ ಮುಷ್ಟಿ ಕಟ್ಟಿಕೊಂಡುಬಿಟ್ಟಿತು. ಹಿಡಿಯಲು ಬರುತ್ತಿತ್ತು, ಬಿಡಲು ಬರುತ್ತಿರಲಿಲ್ಲ. ದಿನವೂ ಬೆರಳು ಬಿಡಿಸಿ ರೂಢಿ ಮಾಡಿಸಿರಿ ಎಂದರು ಡಾಕ್ಟರು. ನೋಡಲು ಹೋದರೆ ಮಾವ ಶೆಡ್ಡಿನಲ್ಲಿ!

"ಈಗರೆ ಆ ತಂತಿ ಬಿಡ್ರಿ ಮಾಮಾ, ಅತ್ತಿ ಬಾಜೂಕ ಕುಂದರ್ರಿ" ಎಂದು ರೇಗಿದೆ.

ಅವರು ತೊಗಲಿನ ಪಟ್ಟಿಯೊಂದಕ್ಕೆ ಕೂದಲಿನಂಥ ತಂತಿಯ ಐದು ಪುಟ್ಟ ಸ್ಪ್ರಿಂಗು ಜೋಡಿಸುತ್ತಿದ್ದರು. ಬಿಗಿ ಎಷ್ಟಾದರೆ ನೋಯುತ್ತದೆಂದು ತಿಳಿಯಲು ವಾರವಿಡೀ ತಮ್ಮ ಕೈಗೇ ಕಟ್ಟಿಕೊಂಡು ನೋಡಿದ್ದರು. ಬೆರಳುಗಳ ತುಂಬ ಕೆಂಪು ಬಾಸುಂಡೆ.

ಪಟ್ಟಿಯನ್ನು ಅತ್ತೆಯ ಕೈಗೆ ಕಟ್ಟಿ, ಬೆರಳಿಗೊಂದು ಸ್ಪ್ರಿಂಗು ಸಿಕ್ಕಿಸಿದರು. ಬೆರಳುಗಳು ಒಂದೊಂದಾಗಿ, ನಿಧಾನವಾಗಿ ಬಿಚ್ಚಿಕೊಂಡವು. ಮಾವ ಆ ಅಂಗೈಯಲ್ಲಿ ತಮ್ಮ ಕೈಯಿಟ್ಟರು.

"ಹಿಡಿ" ಎಂದರು. ಅತ್ತೆ ಹಿಡಿದರು.

"ಹ್ಞಾಂ, ಈಗ ಬಿಡು."

ಐದೂ ಸ್ಪ್ರಿಂಗುಗಳು ಬೆರಳನ್ನು ಹಿಂದಕ್ಕೆ ಎಳೆಯುತ್ತಿದ್ದವು. ಅತ್ತೆ ಬಿಡಲಿಲ್ಲ.