ವಾರಸುದಾರರಿಲ್ಲದ ಕರ್ಚೀಫು

ಶಿವಮೊಗ್ಗದ ಬಸ್‌ಸ್ಟ್ಯಾಂಡಿನಲ್ಲಿ ವೀರೇಂದ್ರನ ಕರ್ಚೀಫಿಗೆ ಸೀಟು ಸಿಕ್ಕಿತು, ವೀರೇಂದ್ರನಿಗೆ ಸಿಗಲಿಲ್ಲ. ಅವತ್ತಿನ ಫಜೀತಿಯೆಲ್ಲ ಶುರುವಾದದ್ದು ಅಲ್ಲಿಂದ.

ಪಾಪ, ಆತ ಮನುಷ್ಯರ ನಡವಳಿಕೆಯ ಬಗ್ಗೆ ಪಿಎಚ್.ಡಿ. ಮಾಡಲು ಹೊರಟು ವರ್ಷಗಳೇ ಆಗಿದ್ದರೂ ಒಂದು ಹೈಪಾಥಿಸಿಸ್ ಸಿಕ್ಕಿರಲಿಲ್ಲ. ಹೈಪಾಥಿಸಿಸ್ ಅಂದರೆ, ಸಂಶೋಧನೆಗೆ ಮುಂಚೆ ‘ಹೀಗಿರಬಹುದು’ ಎಂದು ಹಿಡಿದು ಹೊರಡುವ ಊಹೆ. ಅವನು ಹಿಡಿದು ತಂದದ್ದನ್ನೆಲ್ಲ ಭದ್ರಾವತಿಯ ಸಂಶೋಧನಾ ಕೇಂದ್ರದಲ್ಲಿದ್ದ ಗೈಡ್ ಉಮಾಮಹೇಶ್ವರಿ ಮೇಡಂ, “ಇದು ಯಾವ್ದೋ ಪುಸ್ತಕದ್ದು ಕಣ್ರೀ, ನಿಮ್ದು ಯಾವ್ದು?” ಎಂದು ವಾಪಸು ಕಳಿಸಿದ್ದರು. ಇವತ್ತು ಕಮಿಟಿ. ಹೊರಗಿನಿಂದ ತಜ್ಞರೊಬ್ಬರೂ ಬರುವವರಿದ್ದರು. ಇವತ್ತೂ ಒಪ್ಪಿಗೆಯಾಗದಿದ್ದರೆ ರಿಜಿಸ್ಟ್ರೇಷನ್ ರದ್ದು. ಹೊಸಮನೆ ಬಡಾವಣೆಯ ಅಕ್ಕಪಕ್ಕದವರು ಆಗಲೇ ಅವನನ್ನು ಡಾಕ್ಟ್ರೇ ಎಂದು ಕರೆದು ನೆಗಡಿಗೆ ಮಾತ್ರೆ ಕೇಳುತ್ತಿದ್ದುದರಿಂದ, ಅವಮಾನಕ್ಕೆ ಬೇಕಾದ ಏರ್ಪಾಡೆಲ್ಲ ಮುಗಿದಿತ್ತು.

ಭದ್ರಾವತಿ ಮೇಲೆ ಹೋಗುವ ಶಂಕರಘಟ್ಟದ ಬಸ್ಸು ತುಂಬುತ್ತಿತ್ತು. ಎಲ್ಲರಂತೆ ಅವನೂ ಕಿಟಕಿಯಿಂದ ಕರ್ಚೀಫು ಎಸೆದು ಸೀಟು ಹಿಡಿದ. ನೂಕುನುಗ್ಗಲಿನಲ್ಲಿ ಹತ್ತಿ ಬಂದು ನೋಡಿದರೆ, ಆ ಸೀಟಿನ ಸುತ್ತ ಜನ ನಿಂತಿದ್ದಾರೆ, ಒಬ್ಬರೂ ಕೂತಿಲ್ಲ. ವೀರೇಂದ್ರನ ತಲೆಯೊಳಗೆ ದೀಪ ಹತ್ತಿತು. ಇಷ್ಟು ಜನರನ್ನು ಒಂದು ತುಂಡು ಬಟ್ಟೆ ನಿಲ್ಲಿಸಿದೆಯಲ್ಲ. ಎಷ್ಟು ದೂರ ನಿಲ್ಲಿಸುತ್ತದೋ ನೋಡೋಣ ಎಂದು, ಅದು ತನ್ನದೇ ಅಲ್ಲ ಎಂಬಂತೆ ಕಂಬಿ ಹಿಡಿದು ನಿಂತುಬಿಟ್ಟ.

ಬಸ್ಸು ಹೊರಟಿತು. “ಹಿಂದೆ ಎಲ್ಲೋ ಸಿಕ್ಕಾಕ್ಕೊಂಡಿರ್ಬೇಕು, ಬರ್ತಾನೆ” ಎಂದರು ಒಬ್ಬರು. “ಡ್ರೈವರ್ ಹತ್ರ ಮಾತಾಡ್ತಿರ್ಬೇಕು” ಎಂದರು ಇನ್ನೊಬ್ಬರು. ಕರ್ಚೀಫು ಬಿದ್ದ ಮೇಲೆ ಬಂದು ಪಕ್ಕದ ಕಿಟಕಿ ಸೀಟಿನಲ್ಲಿ ಕೂತಿದ್ದ ದಪ್ಪ ಕನ್ನಡಕದ ಹಿರಿಯರಂತೂ, ಗಾಳಿಗೆ ಹಾರದಿರಲೆಂದು ಕರ್ಚೀಫಿನ ಮೇಲೆ ಕೈಯಿಟ್ಟು ಕಾಯತೊಡಗಿದರು. ವೀರೇಂದ್ರನಿಗೆ ಕುಣಿಯಬೇಕೆನ್ನಿಸಿತು.

ಮಾಚೇನಹಳ್ಳಿಯಲ್ಲಿ ಹುಚ್ಚಮ್ಮ ಎಂಬ ಅಜ್ಜಿ ಹತ್ತಿದರು. ಕೈಯಲ್ಲಿ ಭಾರದ ಚೀಲ, ಊದಿದ ಮಂಡಿ. ಖಾಲಿ ಸೀಟು ನೋಡಿದರು, ಕರ್ಚೀಫು ನೋಡಿದರು, ಉಸ್ಸೆಂದು ಕಂಬಿಗೆ ಆತುಕೊಂಡರು. ವೀರೇಂದ್ರ ಒಳ್ಳೆಯವನು. ಸ್ವಲ್ಪ ಹೊತ್ತು ಸಂಶೋಧಕನಾಗಿ ತಡೆದುಕೊಂಡ, ಆಮೇಲೆ ಆಗಲಿಲ್ಲ.

“ಅಜ್ಜಿ, ಕೂತ್ಕೊಳ್ಳಿ. ಅದು ನಂದೇ.”

ಕನ್ನಡಕದವರು ತಲೆಯೆತ್ತಿದರು. “ನಿಂದಾಗಿದ್ರೆ ಇಷ್ಟೊತ್ತು ಯಾಕಪ್ಪಾ ನಿಂತಿದ್ದೆ?”

ವೀರೇಂದ್ರ ಹಲ್ಲು ಕಿರಿದ. “ಸುಮ್ನೆ ಸರ್, ನೋಡೋಣ ಅಂತ…”

“ಏನ್ ಮಾರಾಯ, ಯಾರೋ ಪಾಪ ಕರ್ಚೀಫ್ ಹಾಕಿದಾನೆ, ನೀನು ದಾನ ಮಾಡ್ತಿದೀಯಲ್ಲ” ಎಂದು ಹಿಂದಿನಿಂದ ಒಬ್ಬ ನಕ್ಕ. ಕಂಡಕ್ಟರ್ ಬಂದು ಗುರುತು ಕೇಳಿದ. “ನೀಲಿ ಚೌಕಳಿ” ಎಂದ ವೀರೇಂದ್ರ. “ಅದು ನಮಗೂ ಕಾಣ್ತಿದೆ” ಎಂದ ಕಂಡಕ್ಟರ್.

ಬೇರೆ ದಾರಿ ಕಾಣದೆ ಹೆಂಡತಿ ಸೌಂದರ್ಯಳಿಗೆ ಫೋನ್ ಮಾಡಿ, ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿದ. “ನನ್ನ ಕರ್ಚೀಫು ಯಾವ್ದು ಹೇಳೇ.”

“ಮರೆತು ಹೋದ್ರಾ ಇವತ್ತೂ?” ಸೌಂದರ್ಯಳ ದನಿ ಬಸ್ಸಿಗೆಲ್ಲ ಕೇಳಿತು. “ದಿನಾ ಇದೇ ಗೋಳು. ಅಂಗಿ ತೋಳಲ್ಲೇ ಒರೆಸ್ಕೊಳ್ಳಿ.”

ಬಸ್ಸು ಗೊಳ್ಳೆಂದಿತು. ಹುಚ್ಚಮ್ಮ ಮಾತ್ರ ನಗಲಿಲ್ಲ. “ಬ್ಯಾಡ ಮಗಾ, ನನಗೋಸ್ಕರ ನೀನು ಸುಳ್ಳು ಹೇಳಬ್ಯಾಡ” ಎಂದು ಅವನ ಬೆನ್ನು ಸವರಿ, ನಿಂತೇ ಇದ್ದರು. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಭದ್ರಾವತಿ ಬಂದೊಡನೆ ಅವನು ಕರ್ಚೀಫನ್ನೂ ಮಾನವನ್ನೂ ಅಲ್ಲೇ ಬಿಟ್ಟು ಹಿಂಬಾಗಿಲಿನಿಂದ ಇಳಿದ.

ಇಳಿದು ನಡೆಯುವಾಗ ಮಾತ್ರ ದುಃಖದೊಳಗಿಂದಲೇ ಊಹೆಯೊಂದು ಪೂರ್ತಿ ರೂಪ ತಾಳಿ ಎದ್ದು ನಿಂತಿತು. ಕಮಿಟಿಯ ಕೋಣೆಯಲ್ಲಿ ಮೇಡಂ ಒಬ್ಬರೇ ಇದ್ದರು. ಆಗತಾನೇ ಆಟೋದಲ್ಲಿ ಬಂದಿಳಿದ ತಜ್ಞರು ಕೈಕಾಲು ತೊಳೆಯಲು ಹೋಗಿದ್ದರು. ವೀರೇಂದ್ರ ಉಸಿರು ಬಿಡದೆ ಹೇಳಿದ:

“ಮೇಡಂ, ನಮ್ಮ ಜನ ಮನುಷ್ಯನಿಗಿಂತ ಅವನ ಕರ್ಚೀಫನ್ನ ಹೆಚ್ಚು ನಂಬ್ತಾರೆ. ಎರಡೂ ಎದುರಿಗಿದ್ರೂ ಕರ್ಚೀಫಿನ ಮಾತೇ ನಡೆಯುತ್ತೆ.”

ಮೇಡಂ ಕನ್ನಡಕ ತೆಗೆದರು. ಇಷ್ಟು ವರ್ಷದಲ್ಲಿ ಮೊದಲ ಸಲ ನಕ್ಕರು. “ಇದು ನಿಮ್ದೇ ಕಣ್ರೀ. ಯಾವ ಪುಸ್ತಕದಲ್ಲೂ ಇಲ್ಲ.”

ವೀರೇಂದ್ರನ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಬಾಗಿಲು ತೆರೆಯಿತು. ಕೈ ಒದ್ದೆ ಮಾಡಿಕೊಂಡು ಒಳಗೆ ಬಂದವರು ಬಸ್ಸಿನ ದಪ್ಪ ಕನ್ನಡಕದವರು.

“ಇವರು ಪ್ರೊಫೆಸರ್ ಹಾಲಸ್ವಾಮಿ” ಎಂದರು ಮೇಡಂ.

“ಇವನು ಯಾರು ಅಂತ ನನಗೆ ಗೊತ್ತು” ಎಂದರು ಹಾಲಸ್ವಾಮಿ, ಮತ್ತು ಬಸ್ಸಿನ ಕತೆಯನ್ನು ಒಂದಕ್ಷರ ಬಿಡದೆ ಹೇಳಿದರು.

“ಸರ್, ಅದು ಪ್ರಯೋಗ. ಕರ್ಚೀಫು ನಿಜವಾಗ್ಲೂ ನಂದು” ಎಂದು ವೀರೇಂದ್ರ ತನ್ನ ಊಹೆಯನ್ನು ಅವರ ಮುಂದೆಯೂ ಒಪ್ಪಿಸಿದ.

“ಸಿಕ್ಕಿಬಿದ್ದ ಮೇಲೆ ಎಲ್ಲರದೂ ಪ್ರಯೋಗವೇ” ಎಂದು ಅವರು ಮೇಡಂ ಕಡೆ ತಿರುಗಿದರು. “ಊಹೆ ಬಹಳ ಚೆನ್ನಾಗಿದೆ, ಬಿಡಬಾರದು. ಆದ್ರೆ ಇದಕ್ಕೆ ಮಾಹಿತಿ ತರೋರು ನಂಬಿಕಸ್ಥರಾಗಿರ್ಬೇಕು. ನಿಮ್ಮ ಹತ್ರ ಹೊಸದಾಗಿ ಪಿಎಚ್.ಡಿ.ಗೆ ಸೇರಿದಾಳಲ್ಲ ಆ ಹುಡುಗಿ ಗಗನಾ, ಅವಳಿಗೆ ಕೊಡಿ.”

ಮೇಡಂ ವೀರೇಂದ್ರನನ್ನು ನೋಡಿ, ಸಂಕಟಪಡುತ್ತಲೇ ತಲೆಯಾಡಿಸಿದರು. ಅವನಿಗೆ ಧಾರಾಕಾರ ಬೆವರು. ಒರೆಸಿಕೊಳ್ಳಲು ಜೇಬಿಗೆ ಕೈಹಾಕಿದ, ಜೇಬು ಖಾಲಿ. ಹಾಲಸ್ವಾಮಿಯವರದು ಕೆಟ್ಟ ಮನಸ್ಸಲ್ಲ. ಅವರು ಚೀಲದಿಂದ ಅಚ್ಚುಕಟ್ಟಾಗಿ ಮಡಿಸಿಟ್ಟ ನೀಲಿ ಚೌಕಳಿಯ ಕರ್ಚೀಫು ತೆಗೆದು ಅವನ ಮುಂದೆ ಹಿಡಿದರು.

“ತಗೋ, ಮುಖ ಒರೆಸ್ಕೊ. ವಾಪಸ್ ಕೊಡೋದು ಮರೀಬೇಡ. ಪಾಪ, ಯಾರದೋ.”