ನಮ್ಮ ಕಟ್ಟೆಗೆ ಬಂದ ಕ್ಯಾಮೆರಾ

ಹೊಸ ಯಂತ್ರ ಕೊಳ್ಳುವ ಮೊದಲು ಅದರಿಂದ ನನಗೇನು ಉಪಯೋಗ ಎಂದು ಯೋಚಿಸುವ ಅಭ್ಯಾಸ ನನಗಿಲ್ಲ. ಮೊದಲು ಕೊಳ್ಳುತ್ತೇನೆ, ಆಮೇಲೆ ಉಪಯೋಗ ಹುಡುಕುತ್ತೇನೆ. ನನ್ನ ಕಂಪ್ಯೂಟರಿನ ಮೌಸಿಗೆ ಏಳು ಗುಂಡಿಗಳಿವೆ. ಅವುಗಳಲ್ಲಿ ಐದು ಏಕಿವೆಯೆಂದು ಇನ್ನೂ ಗೊತ್ತಾಗಿಲ್ಲ. ಕೈಗಡಿಯಾರ ಆರೋಗ್ಯ ಕಾಯುವಂಥದ್ದು. ಬಸವಕಲ್ಯಾಣದಿಂದ ಹುಮನಾಬಾದಿನ ಕಾರ್ಖಾನೆಗೆ ದಿನಾ ಬಸ್ಸಿನಲ್ಲಿ ಹೋಗುವವನು ನಾನು. ಗುದ್ದಾಡಿ ಸೀಟು ಹಿಡಿದು ಕೂತಿದ್ದರೆ ಅರ್ಧ ದಾರಿಯಲ್ಲಿ ಅದು, ಬಹಳ ಹೊತ್ತು ಕೂತಿದ್ದೀರಿ, ಎದ್ದು ನಿಲ್ಲಿ ಎನ್ನುತ್ತದೆ. ಪಕ್ಕದಲ್ಲಿ ನಿಂತವರ ಅಭಿಪ್ರಾಯವೂ ಅದೇ ಆಗಿರುತ್ತದೆ.

ಇಂಥ ನಾನು ಹೋದ ತಿಂಗಳು ಮನೆಯ ಬಾಗಿಲ ಮೇಲೆ ಕ್ಯಾಮೆರಾ ಕೂರಿಸಿದೆ. ಕಟ್ಟೆಗೆ ಯಾರು ಬಂದರೂ ಹುಮನಾಬಾದಿನಲ್ಲಿ ನನ್ನ ಫೋನು ಟಿಂಗ್ ಎನ್ನುತ್ತಿತ್ತು. ಚಿತ್ರ ಎಷ್ಟು ಸ್ಪಷ್ಟವೆಂದರೆ ಅಂಗಳದಲ್ಲಿ ಒಣಹಾಕಿದ ಮೆಣಸಿನಕಾಯಿ ಎಣಿಸಬಹುದಿತ್ತು. ಒಂದು ದಿನ ಎಣಿಸಿದೆ ಕೂಡ. ನಡುವೆ ಸಾಹೇಬರು ಬಂದದ್ದರಿಂದ ಪೂರ್ತಿಯಾಗಲಿಲ್ಲ.

ವಾರ ಕಳೆಯುವುದರೊಳಗೆ ನನ್ನ ಹೆಂಡತಿ ಶಾಂತಾ ಮಾತು ಕಡಿಮೆ ಮಾಡಿದಳು. ಪಕ್ಕದ ಮನೆಯ ಕಾಶಮ್ಮ ಹನ್ನೆರಡು ವರ್ಷದಿಂದ ದಿನಾ ಮಧ್ಯಾಹ್ನ ನಮ್ಮ ಕಟ್ಟೆಗೆ ಬಂದು, ಕಾಲು ಚಾಚಿ, ಜೋಳ ಹಸನು ಮಾಡುತ್ತ ಅವಳ ಜೊತೆ ಎರಡು ತಾಸು ಹರಟುತ್ತಿದ್ದಳು. ಈಗ ಬರುವುದನ್ನೇ ಬಿಟ್ಟಿದ್ದಳು. ಕಾರಣ ನನ್ನ ಫೋನಿನಲ್ಲೇ ಇತ್ತು. ಹಳೆಯ ವಿಡಿಯೋ ತೆಗೆದು ನೋಡಿದರೆ, ಮೊರ ಹಿಡಿದು ಬಂದ ಕಾಶಮ್ಮ ಕ್ಯಾಮೆರಾ ಕಂಡವಳೇ ಹಣೆತನಕ ಸೆರಗೆಳೆದು ನಿಂತುಬಿಟ್ಟಿದ್ದಾಳೆ.

"ಬ್ಯಾಡ್ರಿ ವೈನಿ, ಭಾವೋರು ನೋಡಾಕತ್ತಾರ. ಅವರ ಮುಂದ ಹ್ಯಾಂಗ ಕುಂಡ್ರಲಿ?"

ಅವಳ ಗಂಡ ನನ್ನನ್ನು ಅಣ್ಣ ಎನ್ನುತ್ತಾನೆ, ಹಾಗಾಗಿ ನಾನು ಅವಳಿಗೆ ಭಾವ, ಶಾಂತಾ ವೈನಿ, ಎಂದರೆ ಅತ್ತಿಗೆ. ನಮ್ಮ ಓಣಿಯಲ್ಲಿ ಭಾವನೆದುರು ಹೆಂಗಸರು ಕೂರುವುದಿಲ್ಲ. ನಾನಿಲ್ಲದ ಆ ಎರಡು ತಾಸಷ್ಟೇ ಅವರಿಬ್ಬರದಾಗಿತ್ತು. ಅದಕ್ಕೂ ನಾನು ಹೋಗಿ ವಕ್ಕರಿಸಿದ್ದೆ. ಕೊಳ್ಳುವ ಮುನ್ನ ಕ್ಯಾಮೆರಾದ ಗುಣವಿಶೇಷಗಳನ್ನೆಲ್ಲ ಓದಿದ್ದೆ, ಇದೊಂದನ್ನು ಅದರಲ್ಲಿ ಬರೆದಿರಲಿಲ್ಲ.

"ಕಳ್ಳರು ಬರಬಾರ್ದಂತ ಹಾಕೀನಿ," ಎಂದೆ.

"ಕಳ್ಳರು ಹನ್ನೆರಡು ವರ್ಷದಾಗ ಒಮ್ಮಿನೂ ಬಂದಿಲ್ರಿ. ಕಾಶಿ ದಿನಾ ಬರ್ತಿದ್ಲು," ಎಂದಳು ಶಾಂತಾ. ಅವಳ ಕಣ್ಣುಗಳು ತುಂಬಿದ್ದವು. ನನಗೆ ನಾಚಿಕೆಯಾಯಿತು.

ಆದರೂ ಯಂತ್ರದ ಮೋಹ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಮಧ್ಯಾಹ್ನ ಎರಡು ತಾಸು ಕ್ಯಾಮೆರಾ ತಾನಾಗಿಯೇ ಕಣ್ಣು ಮುಚ್ಚುವಂತೆ ಆ್ಯಪಿನಲ್ಲಿ ಏರ್ಪಾಡು ಮಾಡಿದೆ. ಕಾಶಮ್ಮ ನಂಬಲಿಲ್ಲ. ಶಾಂತಾ ಅದರ ಮೇಲೆ ಟವೆಲ್ ಹೊದಿಸಿದಳು. "ಟವೆಲ್ ಹಿಂದ ಅದಾರಲ್ರಿ," ಎಂದಳಂತೆ ಕಾಶಮ್ಮ. ಕೊನೆಗೆ ಸ್ಕ್ರೂ ಬಿಚ್ಚಿ ತೆಗೆದೇಬಿಟ್ಟೆ. ಅಂದೇ ಮಧ್ಯಾಹ್ನ ಮೊರ ಕಟ್ಟೆಗೆ ಬಂತು, ಸಂಜೆ ಶಾಂತಾ ನನಗೆ ಓಣಿಯ ಸುದ್ದಿಯನ್ನೆಲ್ಲ ಹೇಳಿದಳು.

ಮರುದಿನ ಕಾರ್ಖಾನೆಗೆ ರಜೆ, ಕಾಶಮ್ಮನಿಗೆ ಅದು ಗೊತ್ತಿರಲಿಲ್ಲ. ಮಧ್ಯಾಹ್ನ ಕಟ್ಟೆಯಿಂದ ನಗು ಕೇಳಿಸಿತು. ನನ್ನ ತ್ಯಾಗದ ಫಲವನ್ನು ಕಣ್ಣಾರೆ ಕಾಣುವ ಆಸೆಯಿಂದ ಬಾಗಿಲಲ್ಲಿ ತಲೆ ಹೊರಹಾಕಿದೆ. ನಗು ನಿಂತಿತು. ಕಾಶಮ್ಮ ಸೆರಗೆಳೆದುಕೊಂಡು, ಅರ್ಧ ಹಸನಾದ ಜೋಳದ ಸಮೇತ ಎದ್ದು ಹೋದಳು.

ಶಾಂತಾ ನನ್ನ ಕಡೆ ತಿರುಗಿದಳು.

"ಅದನ್ನರ ಸ್ಕ್ರೂ ಬಿಚ್ಚಿ ತಗದ್ರಿ. ನಿಮ್ಮನ್ನ ಹ್ಯಾಂಗ ತಗೀಲಿ?"

ಈಗ ರಜೆಯ ದಿನ ಊಟವಾದ ಕೂಡಲೇ ಚಪ್ಪಲಿ ಮೆಟ್ಟುತ್ತೇನೆ. ನಾನು ಓಣಿಯ ತಿರುವು ದಾಟುವವರೆಗೆ ಕಾಶಮ್ಮ ಮೊರ ಹಿಡಿದುಕೊಂಡು ತನ್ನ ಬಾಗಿಲಲ್ಲಿ ಕಾಯುತ್ತ ನಿಂತಿರುತ್ತಾಳೆ.