ಕಡಲಿಗೆ ಅಡ್ಡ ಮಲಗಿದ ಬೆಕ್ಕಿಗೆ

ಮಾನ್ಯ ಮಾರ್ಜಾಲ ಮಹೋದಯರೇ,

ತಮ್ಮ ಮೀಸೆಗೂ ಬಾಲಕ್ಕೂ, ಅವೆರಡರ ನಡುವೆ ವಿರಾಜಮಾನವಾಗಿರುವ ಹೊಟ್ಟೆಗೂ ಬೇರೆಬೇರೆಯಾಗಿ ನಮಸ್ಕಾರಗಳು. ತಾವು ಊಟ ಮುಗಿಸಿ ಮುಖ ತೊಳೆದುಕೊಳ್ಳುವ ಹೊತ್ತಿಗೆ ಈ ಪತ್ರ ತಮ್ಮ ಪಾದ ಸೇರಲಿ. ಅದಕ್ಕೆ ಮುಂಚೆ ಸೇರಿದರೆ ತಾವು ಇದನ್ನೇ ತಿಂದುಬಿಡುವ ಸಂಭವವಿದೆ.

ನಾವು ಯಾರೆಂದು ತಮಗೆ ನೆನಪಿರಲಾರದು. ಬಾಗಿಲು ತೆರೆಯುತ್ತಿದ್ದ ಗಂಡಸು ನಾನು, ಡಬ್ಬಿ ತೆರೆಯುತ್ತಿದ್ದ ಹೆಂಗಸು ನನ್ನ ಹೆಂಡತಿ. ಬಸ್ ಡಿಪೋದಲ್ಲಿ ಟೈರುಗಳಿಗೆ ಗಾಳಿ ತುಂಬುವ ನನಗೆ ವಿಶೇಷ ಆಸೆಗಳಿಲ್ಲ, ಆದರೆ ಅವಳಿಗೆ ಬುದ್ಧಿ ಬಂದಾಗಿನಿಂದ ಕಡಲು ನೋಡುವ ಆಸೆ. ನೋಡುವುದೆಂದರೆ ದೂರದಿಂದಲ್ಲ, ಮೊಣಕಾಲವರೆಗೆ ನೀರಲ್ಲಿ ನಿಂತು. ಕಡಲ ದಂಡೆಯ ಹೋಟೆಲುಗಳ ಬಾಡಿಗೆ ವಿಚಾರಿಸಿ ನಾವು ತೆಪ್ಪಗಾಗಿದ್ದಾಗ ಅವಳ ತಂಗಿ ದಾರಿ ತೋರಿಸಿದಳು. "ಅಯ್ಯೋ ಭಾವ, ಹೋಟೆಲ್ ಯಾಕೆ? ಯಾರಾದ್ರೂ ಊರು ಬಿಟ್ಟು ಹೋದ್ರೆ ಅವರ ಮನೇಲಿ ಉಳ್ಕೊಳ್ಳೋದು, ಅವರ ಬೆಕ್ಕೋ ನಾಯಿನೋ ನೋಡ್ಕೊಳ್ಳೋದು. ಈಗ ಎಲ್ಲರೂ ಹಂಗೇ ಸುತ್ತೋದು."

ಹೀಗೆ ಸಿಕ್ಕಿದ್ದು ತಮ್ಮ ಕಟ್ಟಡದ ನಿವೃತ್ತ ಮೇಷ್ಟ್ರ ಮನೆ. ಅವರು ಹೆಂಡತಿಯೊಂದಿಗೆ ಫೋನಿನ ಸಿಗ್ನಲ್ ಸಹ ಹತ್ತಲಾರದ ಬೆಟ್ಟ ಹತ್ತಲು ಹೊರಟಿದ್ದರು. ಹೋಗುವ ಮುಂಚೆ ಫೋನಿನಲ್ಲಿ ಹೇಳಿದ್ದು ಇಷ್ಟೇ: "ನಮ್ಮ ಬಂಗಾರಿ ಬೂದು ಬಣ್ಣ, ಬಲು ನಾಚಿಕೆ ಕಣ್ರೀ. ಹೊಸಬರ ಕಣ್ಣಿಗೇ ಬೀಳಲ್ಲ. ಅಡುಗೆಮನೆ ಮೂಲೇಲಿ ತಟ್ಟೆ ಇಟ್ಟು ನಿಮ್ಮ ಪಾಡಿಗೆ ಸುತ್ತಾಡ್ಕೊಂಡು ಬನ್ನಿ."

ನಾವು ಚೀಲ ಇಳಿಸುವಷ್ಟರಲ್ಲಿ, ಬೂದು ಬಣ್ಣದವರೇ ಆದ ತಾವು ಅಡುಗೆಮನೆಯ ಕಿಟಕಿಯಿಂದ ಆಗಮಿಸಿ, ನನ್ನ ತೊಡೆಯ ಮೇಲೆ ಕುಳಿತು, ಅಂಗಿಯ ಗುಂಡಿಯೊಂದನ್ನು ಕಿತ್ತು, ಗುರುಗುಟ್ಟತೊಡಗಿದಿರಿ. "ನೋಡಿದ್ಯಾ, ಹೊಸಬರ ಹತ್ರ ಬರದ ಬೆಕ್ಕು! ಹಳ್ಳಿಯವನ ಕೈಗುಣ ಅಂದ್ರೆ ಇದು" ಎಂದು ನಾನು ಹೆಂಡತಿಯೆದುರು ಉಬ್ಬಿದೆ.

ಆಮೇಲೆ ತಾವು ನಮಗೆ ಕಲಿಸಿದ ಶಿಸ್ತನ್ನು ಎಷ್ಟು ಹೊಗಳಿದರೂ ಸಾಲದು. ಮಂಚದ ನಟ್ಟನಡುವೆ ಅಡ್ಡಡ್ಡ ಮಲಗಿ, ಗಂಡ ಹೆಂಡತಿ ಇಬ್ಬರೂ ಅಂಚಿನಲ್ಲಿ ಬಾವಲಿಗಳಂತೆ ಜೋತುಕೊಂಡು ನಿದ್ರಿಸಬಹುದೆಂದು ತೋರಿಸಿಕೊಟ್ಟಿರಿ. ಮೀನನ್ನು ಮೊದಲು ನಾನು ರುಚಿ ನೋಡಿದರಷ್ಟೇ ತಾವು ಮುಟ್ಟುತ್ತಿದ್ದಿರಿ, ರಾಜರಿಗೂ ಇಷ್ಟು ಎಚ್ಚರ ಇದ್ದಿರಲಾರದು. ಇನ್ನು ತಮ್ಮ ಕಂಠದ ವಿಷಯ. ನಾವಿಬ್ಬರೂ ಕಡಲಿಗೆಂದು ಚಪ್ಪಲಿ ಮೆಟ್ಟಿ ಬಾಗಿಲೆಳೆದರೆ ಸಾಕು, ಒಳಗಿನಿಂದ ಹೊರಡುತ್ತಿದ್ದ ಆ ಆಲಾಪಕ್ಕೆ ಆಂಬುಲೆನ್ಸ್ ಕೂಡ ಪಕ್ಕಕ್ಕೆ ಸರಿದು ದಾರಿ ಬಿಡಬೇಕು. ಮೇಲಿನ ಮಹಡಿಯ ಅಜ್ಜ ಇಳಿದು ಬಂದು, "ಏನಪ್ಪಾ, ಹೊಡೀತೀರಾ ಅದನ್ನ? ನೋಡೋಕೆ ಮರ್ಯಾದಸ್ಥರ ಥರ ಇದೀರಿ" ಎಂದಾಗ ನಾವು ಚಪ್ಪಲಿ ಬಿಚ್ಚಿ ಒಳಗೆ ಬಂದೆವು. ಮರುದಿನವೂ ಬಂದೆವು. ಪ್ರತಿದಿನವೂ ಬಂದೆವು.

ಬಚ್ಚಲುಮನೆಯ ಕಿಟಕಿಯಿಂದ, ಎರಡು ಕಟ್ಟಡಗಳ ಸಂದಿಯಲ್ಲಿ, ಕಡಲು ಒಂದು ಅಡಿಪಟ್ಟಿಯಷ್ಟು ಕಾಣುತ್ತಿತ್ತು. ನನ್ನ ಹೆಂಡತಿ ಬಕೆಟ್ ಬೋರಲು ಹಾಕಿ, ಅದರ ಮೇಲೆ ನಿಂತು ಅದನ್ನು ನೋಡುತ್ತಿದ್ದಳು. ನೀನೊಬ್ಬಳೇ ಹೋಗಿ ಬಾ ಎಂದರೆ, "ಒಬ್ಬಳೇ ನೋಡೋಕೆ ಇಷ್ಟು ದೂರ ಬಂದ್ನಾ? ಅಲೆ ಬಂದಾಗ ನೀವು ಪಕ್ಕದಲ್ಲಿ ಹೆದರ್ಬೇಕು, ನಾನು ನಗ್ಬೇಕು" ಎಂದಳು. ಮಹೋದಯರೇ, ಆಗ ತಾವು ಅವಳ ಟವೆಲಿನ ಮೇಲೆ ನಿದ್ರಿಸುತ್ತಿದ್ದಿರಿ.

ನಾವು ಹೊರಡಬೇಕಾದ ದಿನ ಬೆಳಿಗ್ಗೆ ಮೇಷ್ಟ್ರು ಬೆಟ್ಟ ಇಳಿದರು; ನಾನು ಹೆಮ್ಮೆಯಿಂದ ಕಳಿಸಿದ್ದ ತಮ್ಮ ಫೋಟೋಗಳೆಲ್ಲ ಒಟ್ಟಿಗೆ ಅವರಿಗೆ ತಲುಪಿದವು. ಉತ್ತರ ಬಂತು: "ತುಂಬಾ ಮುದ್ದಾಗಿದೆ. ಯಾರ ಬೆಕ್ಕು ಇದು?"

ಕಡಲಿಗೆಂದು ಉಳಿಸಿಕೊಂಡಿದ್ದ ಆ ಕೊನೆಯ ಅರ್ಧ ದಿನ ಬಂಗಾರಿಯ ಹುಡುಕಾಟಕ್ಕೆ ಹೋಯಿತು. ಕಡೆಗೆ ಆಕೆ ಅಟ್ಟದ ಮೇಲೆ, ರಜಾಯಿಯ ಚೀಲದೊಳಗೆ ಸಿಕ್ಕಳು. ನಾವು ಮೂಲೆಯಲ್ಲಿ ಇಡುತ್ತಿದ್ದ ತಟ್ಟೆಯನ್ನು ದಿನವೂ ಖಾಲಿ ಮಾಡಿ, ಯಾರ ಹಂಗೂ ಇಲ್ಲದೆ, ದುಂಡಗೆ ಇದ್ದಳು. ಅದನ್ನೂ ತಾವೇ ತಿನ್ನುತ್ತಿದ್ದೀರೆಂದು ನಾವು ನಂಬಿದ್ದೆವು. ಅಷ್ಟರಲ್ಲಿ ಎದುರು ಮನೆಯ ಹೊಲಿಗೆಯಾಕೆ, ಕೊರಳಲ್ಲಿ ಟೇಪು ಹಾಕಿಕೊಂಡೇ ಒಳಗೆ ಬಂದರು. "ಲೋ ಸಾಹೇಬ, ಇಲ್ಲಿದ್ಯೇನೋ ಕಳ್ಳ! ಬೆಳಿಗ್ಗೆ ಮುಖ ತೋರಿಸಿ ಮಾಯ ಆಗ್ತಾನೆ ಕಣ್ರೀ. ಮನೇಲಿ ಒಂದು ತುತ್ತು ಮುಟ್ಟಲ್ಲ, ದಿನಾ ಊದ್ತಾ ಇದಾನೆ, ಡಾಕ್ಟರಿಗೆ ತೋರಿಸೋಣ ಅಂತಿದ್ದೆ!"

ರೈಲಿನಲ್ಲಿ ನನ್ನ ಹೆಂಡತಿ ಚೀಲವನ್ನು ಸೀಟಿನಡಿ ತಳ್ಳಿದಳು. ಆಮೇಲೆ ಹೇಳಿದಳು: "ಹಳ್ಳಿಯವರ ಕೈಗುಣವಂತೆ. ಗಂಡು ಬೆಕ್ಕನ್ನ ಅಷ್ಟು ದಿನ ಬಂಗಾರಿ ಬಂಗಾರಿ ಅಂತ ಕರೆದ್ರಲ್ಲ!" ತಮ್ಮ ಕೂದಲು ಸಮೃದ್ಧವಾಗಿತ್ತು, ಗೌರವಾನ್ವಿತರನ್ನು ಎತ್ತಿ ನೋಡುವುದು ಸಭ್ಯತೆಯಲ್ಲ ಎಂದು ವಾದಿಸಿದೆ. ಅವಳು ಕಿಟಕಿಯ ಕಡೆ ತಿರುಗಿದಳು. ಹೊರಗೆ ಬರೀ ಗದ್ದೆ.

ಆದ್ದರಿಂದ ತಮ್ಮಲ್ಲಿ ವಿನಂತಿ ಏನೆಂದರೆ, ದಯವಿಟ್ಟು ಕಡಲನ್ನು ನಮ್ಮ ಊರಿಗೆ ಕಳಿಸಿಕೊಡಬೇಕು. ಅಲೆಗಳು ಹೆಚ್ಚು ಬೇಡ, ನಾನು ಹೆದರುವಷ್ಟು ಸಾಕು. ಅದು ಆಗದಿದ್ದರೆ, ಯಾವ ಮನೆಯವರೆಂದು ಸಾರುವ ಫಲಕವೊಂದನ್ನು ಕೊರಳಿಗೆ ಕಟ್ಟಿಕೊಳ್ಳಬೇಕು. ಅದೂ ಘನತೆಗೆ ಕುಂದೆನಿಸಿದರೆ, ನನ್ನ ಗುಂಡಿಯನ್ನಾದರೂ ಹಿಂದಿರುಗಿಸಬೇಕು.

ಇಷ್ಟಾದರೂ ತಮ್ಮ ಮೇಲೆ ಮುನಿಯಲಾರದ,
ತಮ್ಮ ವಿಶ್ವಾಸಿ,
ಮೀನಿನ ರುಚಿ ನೋಡುತ್ತಿದ್ದವನು

ತಾ.ಕ.: ಮುಂದಿನ ತಿಂಗಳು ಹೊಲಿಗೆಯಾಕೆ ಮಗಳ ಮನೆಗೆ ಹೋಗುತ್ತಾರಂತೆ. "ಸಾಹೇಬನಿಗೆ ನೀವಂದ್ರೆ ಪ್ರಾಣ" ಎಂದು ತಮ್ಮನ್ನು ನೋಡಿಕೊಳ್ಳಲು ನಮ್ಮನ್ನೇ ಕರೆದಿದ್ದಾರೆ. ನನ್ನ ಹೆಂಡತಿ ನನ್ನನ್ನು ಕೇಳದೆಯೇ ಒಪ್ಪಿಕೊಂಡಿದ್ದಾಳೆ. ತಮಗಿನ್ನೂ ಅಂತಃಕರಣ ಅನ್ನುವುದು ಉಳಿದಿದ್ದರೆ, ನಾವು ಚೀಲ ಇಳಿಸಿದ ಗಳಿಗೆಯಲ್ಲೇ ವಾಡಿಕೆಯಂತೆ ಕಿಟಕಿಯಿಂದ ಹಾರಿ ಎದುರಿನ ಮೇಷ್ಟ್ರ ಮನೆಗೆ ದಯಮಾಡಿಸಬೇಕು. ಮೇಷ್ಟ್ರು ಮನೆಯಲ್ಲೇ ಇರುತ್ತಾರೆ, ಅವರ ಅಂಗಿಗೂ ಗುಂಡಿಗಳಿವೆ, ಅವರು ಈಗಾಗಲೇ ಕಡಲು ನೋಡಿದ್ದಾರೆ.